ಒಂದೇ ಪ್ರೋಗ್ರಾಂನ ಥ್ರೆಡ್‌ಗಳು ಪರಸ್ಪರ ಸಂದೇಶ ಕಳುಹಿಸುವುದೇಕೆ?

ಆ್ಯಪ್ ಒಂದು ಫೋಟೊ ಡೌನ್‌ಲೋಡ್ ಮಾಡುತ್ತಿರುವಾಗಲೇ ನಾವು ಅದರ ಪರದೆಯನ್ನು ಸರಿಸುತ್ತಾ ಹೋಗಬಹುದು. ಇದು ಸಾಧ್ಯವಾಗುವುದು ಥ್ರೆಡ್‌ಗಳಿಂದ. ಒಂದೇ ಪ್ರೋಗ್ರಾಂನೊಳಗೆ ತನ್ನ ಪಾಡಿಗೆ ಸಾಗುವ ಕೆಲಸದ ಎಳೆಯೇ ಥ್ರೆಡ್. ಈ ಎಳೆಗಳೆಲ್ಲ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಹಾಗಿದ್ದ ಮೇಲೆ ಸಂದೇಶದ ಗೊಡವೆ ಏಕೆ, ನೇರವಾಗಿ ಓದಿ ಬರೆದರೆ ಸಾಲದೇ?

ಹಂಚಿಕೊಂಡರೆ ಏನು ತೊಂದರೆ?

ಖಾತೆಯಲ್ಲಿ 1000 ರೂಪಾಯಿ ಇದೆ ಎಂದುಕೊಳ್ಳೋಣ. ಒಂದು ಥ್ರೆಡ್ 500 ರೂಪಾಯಿ, ಇನ್ನೊಂದು 200 ರೂಪಾಯಿ ಜಮಾ ಮಾಡಬೇಕು. ಎರಡೂ ಏಕಕಾಲಕ್ಕೆ 1000 ಎಂದು ಓದಿಕೊಳ್ಳುತ್ತವೆ. ಮೊದಲನೆಯದು 1500 ಎಂದು ಬರೆಯುತ್ತದೆ. ಮರುಕ್ಷಣವೇ ಎರಡನೆಯದು ಅದನ್ನು ಅಳಿಸಿ 1200 ಎಂದು ಬರೆಯುತ್ತದೆ. 1700 ಇರಬೇಕಾದ ಕಡೆ 500 ರೂಪಾಯಿ ಕಾಣೆ! ಎರಡರ ಕೂಡಿಕೆಯೂ ಸರಿ. ಓದಿ ಬರೆದ ಹೊತ್ತು ಮಾತ್ರ ತಪ್ಪು. ಇದಕ್ಕೆ ‘ರೇಸ್ ಕಂಡಿಷನ್’ ಎನ್ನುತ್ತಾರೆ. ಪ್ರತಿ ಸಲವೂ ಕಾಣಿಸಿಕೊಳ್ಳದ ಕಾರಣ ಇದು ಪರೀಕ್ಷೆಯಲ್ಲಿ ಸುಲಭವಾಗಿ ಸಿಕ್ಕಿಬೀಳುವುದಿಲ್ಲ.

ಇಂಥ ದೋಷ ಜೀವವನ್ನೂ ತೆಗೆದಿದೆ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985 ಮತ್ತು 1987ರ ನಡುವೆ ಅಮೆರಿಕ ಹಾಗೂ ಕೆನಡಾದಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ಸತ್ತರು. ಅದರ ತಂತ್ರಾಂಶದಲ್ಲಿ ಏಕಕಾಲಕ್ಕೆ ನಡೆಯುವ ಕೆಲಸಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಿದ್ದವು. ಆಪರೇಟರ್ ವಿವರಗಳನ್ನು ಬೇಗಬೇಗ ತಿದ್ದಿದರೆ, ಯಂತ್ರವನ್ನು ಸಜ್ಜುಗೊಳಿಸುವ ಭಾಗಕ್ಕೆ ಆ ತಿದ್ದುಪಡಿ ತಲುಪದೇ ಹೋಗಬಹುದಿತ್ತು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ಸುರಕ್ಷತಾ ತಡೆಗಳೂ ಇದರಲ್ಲಿರಲಿಲ್ಲ.

ಸಂದೇಶ ಹೇಗೆ ನೆರವಾಗುತ್ತದೆ?

ಖಾತೆಯನ್ನು ಒಂದೇ ಥ್ರೆಡ್‌ನ ವಶಕ್ಕೆ ಕೊಡೋಣ. ಉಳಿದವು ಅದನ್ನು ಮುಟ್ಟುವಂತಿಲ್ಲ. ‘500 ಸೇರಿಸು’ ಎಂಬ ಸಂದೇಶವನ್ನು ಸರದಿ ಸಾಲಿಗೆ ಹಾಕಬೇಕು, ಅಷ್ಟೇ. ಖಾತೆಯ ಒಡೆಯ ಒಂದೊಂದಾಗಿ ಸಂದೇಶ ತೆಗೆದು ಕೆಲಸ ಮುಗಿಸುತ್ತದೆ. ಸಾಲನ್ನು ಕಾಯಲು ಒಳಗೆ ಬೀಗ, ಅಂದರೆ ಲಾಕ್, ಇದ್ದರೂ ಅದು ಒಂದೇ ಕಡೆ ಇರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ನಡೆಯುವುದೂ ಇದೇ. ಪರದೆಯ ಹೊಣೆ ಮುಖ್ಯ ಥ್ರೆಡ್‌ನದು. ಹಿನ್ನೆಲೆಯಲ್ಲಿ ಡೌನ್‌ಲೋಡ್ ಮುಗಿಸಿದ ಥ್ರೆಡ್ ‘ಚಿತ್ರ ಸಿದ್ಧ’ ಎಂಬ ಸಂದೇಶವನ್ನು ಮುಖ್ಯ ಥ್ರೆಡ್‌ನ ಸಾಲಿಗೆ ಸೇರಿಸುತ್ತದೆ. ಮುಖ್ಯ ಥ್ರೆಡ್ ಬೇರೆ ಕೆಲಸದಲ್ಲಿ ಸಿಲುಕಿ, ನಮ್ಮ ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರಿಸದಿದ್ದರೆ ‘ಆ್ಯಪ್ ಸ್ಪಂದಿಸುತ್ತಿಲ್ಲ’ ಎಂಬ ಸೂಚನೆ ಬರಬಹುದು.

ಈ ಚಿಂತನೆ ಹೊಸದಲ್ಲ. ಬ್ರಿಟನ್ನಿನ ಟೋನಿ ಹೋರ್ 1978ರಲ್ಲೇ ಸಂದೇಶಗಳ ಮೂಲಕ ಸಂವಹನ ನಡೆಸುವ ಪ್ರೋಗ್ರಾಂಗಳ ಕುರಿತು ಪ್ರಬಂಧ ಪ್ರಕಟಿಸಿದರು. 2009ರಲ್ಲಿ ಗೂಗಲ್ ಹೊರತಂದ ಗೋ ಭಾಷೆಯ ‘ಚಾನೆಲ್’ಗಳಿಗೆ ಅದೇ ಬೇರು.

ಸಂದೇಶವಿದ್ದರೆ ಎಲ್ಲವೂ ಸುರಕ್ಷಿತವೇ?

ಇಲ್ಲ. ಮೆಮೊರಿ ಒಂದೇ ಆದ್ದರಿಂದ ಹಲವು ಬಾರಿ ದತ್ತಾಂಶದ ನಕಲಿನ ಬದಲು ವಿಳಾಸವನ್ನಷ್ಟೇ ಕಳುಹಿಸುತ್ತಾರೆ. ಕಳುಹಿಸಿದ ಮೇಲೂ ಅದನ್ನು ತಿದ್ದುತ್ತಿದ್ದರೆ ಹಳೆಯ ತೊಂದರೆ ಮತ್ತೆ ಬರುತ್ತದೆ. ಎರಡು ಥ್ರೆಡ್‌ಗಳು ಪರಸ್ಪರರ ಸಂದೇಶಕ್ಕಾಗಿ ಕಾಯುತ್ತಾ ಕುಳಿತರೆ ಎರಡೂ ನಿಂತುಬಿಡುತ್ತವೆ. ಸಾಲಿಗೆ ಮಿತಿ ಇಲ್ಲದಿದ್ದರೆ ಅದು ಬೆಳೆದು ಮೆಮೊರಿಯನ್ನೇ ನುಂಗಬಹುದು. ಆದ್ದರಿಂದ ಯಾವ ದತ್ತಾಂಶಕ್ಕೆ ಯಾವ ಥ್ರೆಡ್ ಒಡೆಯ, ಸಾಲು ತುಂಬಿದರೆ ಏನು ಮಾಡಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವ ಮೊದಲೇ ತೀರ್ಮಾನಿಸಬೇಕು.