ಬ್ಯಾಟರಿ ಲಾಂದ್ರದ ಬಲ್ಬು: ಬದಲಾವಣೆಯ ಒಂದು ಶತಮಾನ

ವಿದ್ಯುತ್ ತಂತಿ ತಲುಪದ ಕಾಡುಮೇಡುಗಳಲ್ಲಿ ಡೇರೆ ಹಾಕಿ ತಂಗುವವರು ಬಳಸುವ ಬ್ಯಾಟರಿ ಲಾಂದ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಬಲ್ಬುಗಳ ಚರಿತ್ರೆಯಾಗಿಯೇ ಹೇಳಲಾಗುತ್ತದೆ. ಆದರೆ ಈ ಉಪಕರಣವು ತಲೆಮಾರುಗಳ ಕಾಲ ಬಳಸುವವರ ಕೈಯಲ್ಲೇ ದುರಸ್ತಿಯಾಗುತ್ತ, ಸುಧಾರಿಸುತ್ತ ಬರಲು ಮುಖ್ಯ ಕಾರಣವಾದದ್ದು ಬಲ್ಬನ್ನು ಹಿಡಿದಿಡುವ ಸಾಮಾನ್ಯ ಅಳತೆಯ ಹೋಲ್ಡರ್. ಎಲ್‌ಇಡಿ ಬೆಳಕು ಹಳೆಯ ಲಾಂದ್ರಗಳನ್ನು ಪ್ರವೇಶಿಸಿದ್ದು ಈ ಹೋಲ್ಡರಿನ ಮೂಲಕವೇ. ಮುಂದೆ ಅದನ್ನು ಅನಗತ್ಯವಾಗಿಸಿದ್ದೂ ಅದೇ ಎಲ್‌ಇಡಿ.

ಅಮೆರಿಕದಲ್ಲಿ ಶಿಬಿರದ ಬೆಳಕೆಂದರೆ ಬಹುಕಾಲ ಇಂಧನದ ಬೆಳಕೇ ಆಗಿತ್ತು. ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ನೆಲೆಗೊಂಡಿದ್ದ ಕೋಲ್‌ಮನ್ ಕಂಪನಿ 1914ರಲ್ಲಿ ಹೊರತಂದ ಗ್ಯಾಸೋಲಿನ್ ಲಾಂದ್ರವು, ಒತ್ತಡದಲ್ಲಿ ಆವಿಯಾದ ಇಂಧನವನ್ನು ಮ್ಯಾಂಟಲ್ ಎಂಬ ಬಲೆಯಂಥ ಬಟ್ಟೆಚೀಲದೊಳಗೆ ಉರಿಸಿ ಪ್ರಖರ ಬೆಳಕು ಕೊಡುತ್ತಿತ್ತು. ಬ್ಯಾಟರಿಯ ದೀಪ ಅದಕ್ಕಿಂತ ಮೊದಲೇ ಹುಟ್ಟಿತ್ತು. ದ್ರವ ಚೆಲ್ಲದಂತೆ ರಾಸಾಯನಿಕವನ್ನು ಮುದ್ದೆಯಾಗಿ ತುಂಬಿದ ಶುಷ್ಕಕೋಶ, ಅಂದರೆ ಒಣ ಸೆಲ್, 1880ರ ದಶಕದಲ್ಲಿ ರೂಪುಗೊಂಡಿತು; 1899ರಲ್ಲಿ ಡೇವಿಡ್ ಮಿಸೆಲ್ ಎಂಬ ಸಂಶೋಧಕನು ಕೊಳವೆಯಾಕಾರದ ಕೈದೀಪಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಇದರ ಬೆಳಕು ಮಂದವಾಗಿದ್ದರೂ ಡೇರೆಯೊಳಗೆ ಬೆಂಕಿಯ ಭಯವಿರಲಿಲ್ಲ. ಹೊಗೆ, ಎಣ್ಣೆಯ ವಾಸನೆಗಳೂ ಇರಲಿಲ್ಲ. ನಾಲ್ಕು ಸೆಲ್‌ಗಳನ್ನು ಒಂದೇ ಚೌಕ ಡಬ್ಬಿಯಲ್ಲಿಟ್ಟು, ತಲೆಯ ಮೇಲೆ ಎರಡು ಸ್ಪ್ರಿಂಗುಗಳನ್ನು ಕೂರಿಸಿದ 6 ವೋಲ್ಟಿನ ಬ್ಯಾಟರಿಯು ಮುಂದೆ ಬ್ಯಾಟರಿ ಲಾಂದ್ರಗಳ ಪರಿಚಿತ ಶಕ್ತಿಮೂಲವಾಯಿತು.

ಈ ಲಾಂದ್ರಗಳ ಬಲ್ಬುಗಳಲ್ಲಿ ಎರಡು ಬಗೆಯ ಬುಡ ಪ್ರಚಾರಕ್ಕೆ ಬಂದವು. 10 ಮಿಲಿಮೀಟರ್ ವ್ಯಾಸದ, ತಿರುಪಿನಂತೆ ಸುತ್ತಿ ಕೂರಿಸುವ ಬುಡ ಒಂದು; ಪಿಆರ್ ಎಂದು ಗುರುತಿಸಲಾಗುವ, ಅಂಚುಪಟ್ಟಿಯುಳ್ಳ ಬುಡ ಇನ್ನೊಂದು. ಪಿಆರ್ ಬಲ್ಬಿನಲ್ಲಿ ತಂತುವನ್ನು ಅಂಚುಪಟ್ಟಿಯಿಂದ ನಿಗದಿತ ದೂರದಲ್ಲಿ ಕಾರ್ಖಾನೆಯಲ್ಲೇ ನಿಲ್ಲಿಸಿರುತ್ತಿದ್ದುದರಿಂದ, ಹೊಸ ಬಲ್ಬು ಹಾಕಿದಾಗಲೂ ಬೆಳಕು ಪ್ರತಿಫಲಕದ ಸರಿಯಾದ ಬಿಂದುವಿನಲ್ಲೇ ಇರುತ್ತಿತ್ತು. ಎರಡು ಸೆಲ್‌ಗಳಿಗೆ ಪಿಆರ್2, ಮೂರಕ್ಕೆ ಪಿಆರ್3, ನಾಲ್ಕಕ್ಕೆ ಪಿಆರ್13 ಎಂಬ ಸಂಖ್ಯೆಗಳು ಯಾವುದೇ ಕಂಪನಿಯ ದೀಪಕ್ಕೂ ಸಲ್ಲುತ್ತಿದ್ದವು. ಬಲ್ಬು ಬದಲಿಸಿ ಲಾಂದ್ರವನ್ನು ಉತ್ತಮಗೊಳಿಸುವ ರೂಢಿಗೆ ನೆಲೆಗಟ್ಟು ಇದೇ. ಸಾಧಾರಣ ಬಲ್ಬನ್ನು ತೆಗೆದು, ಟಂಗ್‌ಸ್ಟನ್ ತಂತು ಆವಿಯಾಗುವುದನ್ನು ನಿಧಾನಿಸುವ ಭಾರವಾದ ಕ್ರಿಪ್ಟಾನ್ ಅನಿಲ ತುಂಬಿದ ಬಲ್ಬನ್ನೋ, ಹ್ಯಾಲೊಜೆನ್ ಬಲ್ಬನ್ನೋ ಹಾಕಿ ಹೆಚ್ಚು ಬೆಳಕು ಪಡೆಯಲು ಯಾವ ಸಲಕರಣೆಯೂ ಬೇಕಿರಲಿಲ್ಲ. ಆದರೂ ತಂತುವಿನ ಮೂಲ ದೋಷ ಹಾಗೆಯೇ ಉಳಿಯಿತು: ಅದಕ್ಕೆ ಹರಿದ ಶಕ್ತಿಯ ಬಹುಪಾಲು ಶಾಖವಾಗಿ ವ್ಯರ್ಥವಾಗುತ್ತಿತ್ತು; ಸೆಲ್ ಬಳಲಿ ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲೊಂದು ಪಾಲು ಕುಗ್ಗುತ್ತಿತ್ತು.

ಪರಿಹಾರ ಬಂದದ್ದು ಜಪಾನಿನಿಂದ. ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಾಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ಸಾಧಿಸಿದರು. ನೀಲಿ ಬೆಳಕಿನ ಒಂದು ಭಾಗವನ್ನು ಹಳದಿಯಾಗಿ ಮಾರ್ಪಡಿಸುವ ಫಾಸ್ಫರ್ ಎಂಬ ಲೇಪವನ್ನು ಬಳಸಿ ಅದೇ ಕಂಪನಿ 1996ರಲ್ಲಿ ಬಿಳಿ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದಿತು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ನಕಾಮುರ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದರು.

ಹಳೆಯ ಲಾಂದ್ರಕ್ಕೆ ಈ ಹೊಸ ದೀಪವನ್ನು ಹೊಂದಿಸುವುದು ಬಲ್ಬು ತಿರುಗಿಸಿದಷ್ಟು ಸುಲಭವಾಗಿರಲಿಲ್ಲ. ಬಿಳಿ ಎಲ್‌ಇಡಿಗೆ ಸುಮಾರು 3.4 ವೋಲ್ಟ್ ಸಾಕು. 6 ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ಆದ್ದರಿಂದ ಹವ್ಯಾಸಿಯು ಮಿಕ್ಕ 2.6 ವೋಲ್ಟನ್ನು 20 ಮಿಲಿಆಂಪಿಯರಿನಿಂದ ಭಾಗಿಸಿ, 130 ಓಮಿನ ರೋಧಕವನ್ನು ಸಾಲಿನಲ್ಲಿ ಬೆಸೆಯುತ್ತಿದ್ದನು. ಹೀಗೆ ಮಾಡಿದಾಗ ಬ್ಯಾಟರಿಯ ಶಕ್ತಿಯಲ್ಲಿ ನೂರಕ್ಕೆ 43 ಪಾಲು ರೋಧಕದಲ್ಲೇ ಬಿಸಿಯಾಗಿ ಕರಗುತ್ತಿದ್ದುದರಿಂದ, ವಿದ್ಯುತ್ಪ್ರವಾಹವನ್ನು ಮಿತವ್ಯಯದಿಂದ ನಿಯಂತ್ರಿಸುವ ಡ್ರೈವರ್ ಎಂಬ ಪುಟ್ಟ ಮಂಡಲಗಳು ಬಳಕೆಗೆ ಬಂದವು. ತಂತುವಿನ ಬಲ್ಬಿಗೆ ಧನ, ಋಣ ಎಂಬ ಭೇದವಿರಲಿಲ್ಲ. ಎಲ್‌ಇಡಿಯಾದರೋ ತಿರುಗುಮುರುಗಾಗಿ ಜೋಡಿಸಿದರೆ ಬೆಳಗದು. ತಂತು ಸುತ್ತಲೂ ಬೆಳಕು ಚೆಲ್ಲಿದರೆ ಎಲ್‌ಇಡಿ ಮುಂದಕ್ಕೆ ಮಾತ್ರ ಚೆಲ್ಲುವುದರಿಂದ, ಗಾಜಿನ ಗೋಳದ ಲಾಂದ್ರದಲ್ಲಿ ಹಲವು ಎಲ್‌ಇಡಿಗಳನ್ನು ಸುತ್ತ ಕೂರಿಸಬೇಕಾಗುತ್ತಿತ್ತು, ಇಲ್ಲವೇ ಬೆಳಕನ್ನು ಹರಡುವ ಹೊದಿಕೆ ಇಡಬೇಕಾಗುತ್ತಿತ್ತು. ಒಂದು ವಾಟ್ ಮತ್ತು ಅದಕ್ಕೂ ಮೇಲ್ಪಟ್ಟ ಎಲ್‌ಇಡಿಗಳು ಬಂದ ಮೇಲೆ ಶಾಖವನ್ನು ಹೊರಸಾಗಿಸಲು ಅಲ್ಯೂಮಿನಿಯಮ್ ತುಂಡೂ ಅನಿವಾರ್ಯವಾಯಿತು. ಕ್ರಮೇಣ ಈ ಎಲ್ಲ ಅಂಗಗಳನ್ನೂ ಪಿಆರ್ ಬುಡದೊಳಗೇ ಅಡಗಿಸಿದ ಸಿದ್ಧ ಎಲ್‌ಇಡಿ ಬಲ್ಬುಗಳು ಅಂಗಡಿಗೆ ಬಂದು, ಕೈಕಸುಬನ್ನು ಅರಿಯದವರಿಗೂ ಮಾರ್ಪಾಡು ಎಟುಕಿತು.

ಇದರ ಹತ್ತಿರದ ನಂಟೊಂದು ಕರ್ನಾಟಕದಲ್ಲೂ ಕಾಣುತ್ತದೆ. ಕರೆಂಟು ಹೋದಾಗ ಬಳಸುತ್ತಿದ್ದ ಎಮರ್ಜೆನ್ಸಿ ಲ್ಯಾಂಪುಗಳಲ್ಲಿ 6 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯೂ ಚಿಕ್ಕ ಟ್ಯೂಬ್‌ಲೈಟೂ ಇರುತ್ತಿದ್ದವು. ಟ್ಯೂಬು ಕೆಟ್ಟ ಮೇಲೆ ಅದರ ಜಾಗದಲ್ಲಿ ಎಲ್‌ಇಡಿ ಪಟ್ಟಿ ಕೂರಿಸಿ ಅದೇ ಡಬ್ಬಿಯನ್ನು ಮತ್ತೆ ಬೆಳಗಿಸುವ ಕೆಲಸಕ್ಕೆ ಬೇಕಾದ ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತವೆ.

ಇಂದಿನ ಹಲವು ಲಾಂದ್ರಗಳಲ್ಲಿ ಎಲ್‌ಇಡಿಯನ್ನು ಮಂಡಲದ ಹಲಗೆಗೇ ಬೆಸೆದಿರುತ್ತಾರೆ. ಬದಲಿಸಲು ಬಲ್ಬೂ ಇಲ್ಲ, ಹೋಲ್ಡರೂ ಇಲ್ಲ. ಎಲ್‌ಇಡಿ ದೀರ್ಘಾಯುಷಿ ಎಂಬುದು ಇದಕ್ಕೆ ಕೊಡುವ ಸಮರ್ಥನೆಯಾದರೂ, ವಾಸ್ತವದಲ್ಲಿ ಎಷ್ಟೋ ವೇಳೆ ಅದಕ್ಕಿಂತ ಮೊದಲೇ ಸೋಲುವುದು ಡ್ರೈವರು, ಸ್ವಿಚ್ಚು ಅಥವಾ ಒಳಗಿನ ಬ್ಯಾಟರಿ. ಆಗ ಒಂದು ಅಂಗದ ದೋಷಕ್ಕೆ ಇಡೀ ದೀಪವೇ ಕಸವಾಗುತ್ತದೆ. ಪಿಆರ್ ಬುಡದ ಹಳೆಯ ಲಾಂದ್ರವು ತನ್ನನ್ನು ತಯಾರಿಸಿದವರು ಊಹಿಸಿರದಿದ್ದ ಬೆಳಕಿಗೂ ಎಡೆಕೊಟ್ಟಿತೆಂಬುದು ಈ ಚರಿತ್ರೆಯ ಅತ್ಯಂತ ಬೆಲೆಯುಳ್ಳ ಅಂಶ. ಬಿಚ್ಚಲು ಬರುವ ಕೂಡಿಕೆ ಮತ್ತು ಎಲ್ಲರೂ ಒಪ್ಪಿದ ಅಳತೆ, ಇವೆರಡನ್ನೂ ಉಳಿಸಿಕೊಂಡು ಎಲ್‌ಇಡಿ ಲಾಂದ್ರಗಳನ್ನು ತಯಾರಿಸಿದರೆ, ಮುಂದೆ ಬರುವ ಇನ್ನೂ ಉತ್ತಮವಾದ ದೀಪಕ್ಕೂ ಅವು ನೆಲೆಯಾಗಬಲ್ಲವು.