ಪೆಟ್ಟಿಗೆಯೊಳಗಿನ ಚಳಿಗಾಲದ ಕಾಡು



ಮುಂಭಾಗಕ್ಕೆ ಗಾಜು ಕೂಡಿಸಿದ ಮರದ ಪುಟ್ಟ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಳ್ಳಿ. ಒಳಗೆ ಹಳೆಯ ಮುದ್ರಿತ ಚಿತ್ರದ ಪ್ರತಿಯಿಂದ ಕತ್ತರಿಸಿದ ಅರಮನೆ, ಕಿಟಕಿಗಳಲ್ಲಿ ಕನ್ನಡಿ, ಹಿಂದೆ ಒಣಕಡ್ಡಿಗಳನ್ನು ನಿಲ್ಲಿಸಿ ಮಾಡಿದ, ಎಲೆಯುದುರಿದ ಕಾಡು. ‘ಕಿನ್ನರಕಥೆಗೊಂದು ರಂಗಸಜ್ಜು’ ಎಂಬರ್ಥದ ಹೆಸರಿನ 1942ರ ಈ ಕೃತಿ ಇಟಲಿಯ ವೆನಿಸ್ ನಗರದಲ್ಲಿ, ಪೆಗ್ಗಿ ಗುಗೆನ್‌ಹೈಮ್ ಸಂಗ್ರಹದಲ್ಲಿದೆ.

ಇದನ್ನು ರಚಿಸಿದವರು ಅಮೆರಿಕದ ಜೋಸೆಫ್ ಕಾರ್ನೆಲ್ (1903–1972). ಅವರು ಕಲಾಶಾಲೆಯಲ್ಲಿ ಕಲಿತವರಲ್ಲ. 1917ರಲ್ಲಿ ತಂದೆ ತೀರಿಕೊಂಡರು. ತಮ್ಮ ರಾಬರ್ಟ್‌ಗೆ ಸೆರೆಬ್ರಲ್ ಪಾಲ್ಸಿ. ಬಟ್ಟೆ ವ್ಯಾಪಾರದಲ್ಲಿ ದುಡಿದು ಸಂಸಾರಕ್ಕೆ ಆಸರೆಯಾದ ಕಾರ್ನೆಲ್ ಯುರೋಪನ್ನು ಎಂದೂ ಕಾಣಲಿಲ್ಲ. 1931ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಮ್ಯಾಕ್ಸ್ ಅರ್ನ್ಸ್ಟ್‌ರ ಕೊಲಾಜ್‌ಗಳನ್ನು ನೋಡಿ ತಾವೂ ಕತ್ತರಿ ಹಿಡಿದರು.

ಇಲ್ಲಿಯ ಕೌಶಲವನ್ನು ಗಮನಿಸಿ. ಮುಂದೆ ಚಪ್ಪಟೆಯಾದ ಚಿತ್ರ, ಹಿಂದೆ ನಿಜವಾದ ಕಡ್ಡಿ, ನಡುವೆ ನೆರಳು. ಸುಮಾರು 10 ಸೆಂಟಿಮೀಟರ್ ಆಳದ ಪೆಟ್ಟಿಗೆಯಲ್ಲಿ ಕಾಡು ದೂರದವರೆಗೂ ಹಬ್ಬಿದಂತೆ ತೋರುವುದು ಇದರಿಂದಲೇ.

1972ರಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಮಕ್ಕಳಿಗೆಂದೇ ಕಾರ್ನೆಲ್‌ರ ಕೃತಿಗಳ ಪ್ರದರ್ಶನ ನಡೆಯಿತು. ಪೆಟ್ಟಿಗೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿಸಿ ಇಡಲಾಗಿತ್ತು. ಅದೇ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ದೂರದೇಶಕ್ಕೆ ಹೋಗಲಾಗದ ಮನುಷ್ಯ ಕಡ್ಡಿ, ಕಾಗದ, ಕನ್ನಡಿಗಳಲ್ಲೇ ಆ ದೇಶವನ್ನು ಕಟ್ಟಿ ನೋಡಿದ ಕಥೆಯಿದು.