ಪೌಲೀನ್ ವಿಯಾರ್ದೊ ಮತ್ತು ಆಕೆಯ ಹಸ್ತಪ್ರತಿಗಳು

ಶಿಲ್ಪಿಯು ಅಳಿದರೂ ವಿಗ್ರಹವು ಉಳಿಯುತ್ತದೆ. ಕವಿಯು ಅಳಿದರೂ ಕಾವ್ಯವು ಉಳಿಯುತ್ತದೆ. ಗಾಯಕರ ಕಂಠವಾದರೋ ಅವರೊಡನೆಯೇ ಹೋಗುತ್ತದೆ. ಧ್ವನಿಮುದ್ರಣದ ಯಂತ್ರವು ಬಳಕೆಗೆ ಬರುವ ಮೊದಲೇ ರಂಗವನ್ನು ತೊರೆದ ಗಾಯಕರ ವಿಷಯದಲ್ಲಿ ಇತಿಹಾಸಕಾರನಿಗೆ ದೊರೆಯುವುದು ಬಹುಮಟ್ಟಿಗೆ ಕೇಳಿದವರ ಹೊಗಳಿಕೆ ಮಾತ್ರ. ಆದರೆ ಅಂಥವರು ಸ್ವತಃ ಸ್ವರರಚನೆಯನ್ನೂ ಮಾಡಿ ಹಸ್ತಪ್ರತಿಗಳನ್ನು ಉಳಿಸಿಹೋಗಿದ್ದರೆ, ಆ ಹಾಳೆಗಳು ಎರಡು ಬಗೆಯ ಸಾಕ್ಷ್ಯವನ್ನು ನುಡಿಯಬಲ್ಲವು. ಒಂದು, ರಚಿಸಿದ ಮನಸ್ಸಿನದು. ಇನ್ನೊಂದು, ಹಾಡಿದ ಕಂಠದ್ದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಇದಕ್ಕೆ ಉತ್ತಮ ನಿದರ್ಶನ ಪೌಲೀನ್ ವಿಯಾರ್ದೊ.

ಈಕೆ 1821ನೆಯ ಇಸವಿ ಜುಲೈ 18ರಂದು ಪ್ಯಾರಿಸಿನಲ್ಲಿ ಜನಿಸಿದಳು. ತಂದೆ ಮಾನ್ವೆಲ್ ಗಾರ್ಸಿಯಾ ಸ್ಪೇನ್ ದೇಶದ ಗಾಯಕ. 1816ರಲ್ಲಿ ರೋಮ್ ನಗರದಲ್ಲಿ ರೊಸ್ಸೀನಿಯ ‘ಸೆವಿಲ್ಲಿನ ಕ್ಷೌರಿಕ’ ಎಂಬ ಗೀತನಾಟಕವು ಮೊದಲು ರಂಗವೇರಿದಾಗ ಅದರ ನಾಯಕ ಪಾತ್ರವನ್ನು ವಹಿಸಿದವನು. ಅಕ್ಕ ಮರಿಯಾ ಮಾಲಿಬ್ರಾನ್ ಜಗತ್ಪ್ರಸಿದ್ಧ ಗಾಯಕಿ. ಅಣ್ಣ ಮಾನ್ವೆಲ್ ಕಂಠದ ಒಳಭಾಗವನ್ನು ಕನ್ನಡಿಯ ಮೂಲಕ ಕಾಣುವ ವಿಧಾನಕ್ಕಾಗಿ ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಸ್ಮರಣೀಯನಾದವನು. ಪೌಲೀನಳಿಗೆ ಬಾಲ್ಯದಲ್ಲಿ ಪಿಯಾನೊ ವಾದನದಲ್ಲಿಯೇ ಹೆಚ್ಚು ಒಲವು. ಫ್ರಾನ್ಸ್ ಲಿಸ್ಟನಲ್ಲಿ ಪಿಯಾನೊವನ್ನೂ ಆಂಟನ್ ರೈಖನಲ್ಲಿ ರಚನಾಶಾಸ್ತ್ರವನ್ನೂ ಕಲಿತಳು. ಆದರೆ ತಾಯಿಯ ಇಚ್ಛೆಯಂತೆ ಗಾಯನವೇ ಆಕೆಯ ವೃತ್ತಿಯಾಯಿತು. 1839ರಲ್ಲಿ ಲಂಡನ್ನಿನಲ್ಲಿ ರೊಸ್ಸೀನಿಯ ‘ಒಥೆಲೊ’ದ ಡೆಸ್ಡಿಮೋನಳಾಗಿ ಗೀತನಾಟಕದ ರಂಗವನ್ನೇರಿದಳು. ಮರುವರ್ಷ, ಸಾಹಿತಿಯೂ ನಾಟಕಶಾಲೆಯ ನಿರ್ದೇಶಕನೂ ಆಗಿದ್ದ ಲೂಯಿ ವಿಯಾರ್ದೊ ಆಕೆಯ ಕೈಹಿಡಿದನು.

ಆಕೆಯ ರಂಗಜೀವನದ ಶಿಖರಗಳನ್ನು ಹೀಗೆ ಎಣಿಸಬಹುದು: 1843ರಲ್ಲಿ ಪೀಟರ್ಸ್‌ಬರ್ಗಿನ ಪ್ರಯೋಗಗಳು, 1849ರಲ್ಲಿ ಮೈಯರ್‌ಬೇರನ ‘ಪ್ರವಾದಿ’ಯಲ್ಲಿ ತಾಯಿಯ ಪಾತ್ರ, 1859ರಲ್ಲಿ ಬೆರ್ಲಿಯೋಜನು ಆಕೆಗಾಗಿಯೇ ಸಿದ್ಧಪಡಿಸಿಕೊಟ್ಟ, ಗ್ಲುಕ್ಕನ ‘ಆರ್ಫಿಯಸ್’. ಪೀಟರ್ಸ್‌ಬರ್ಗಿನಲ್ಲಿ ಆಕೆಯ ಗಾನವನ್ನು ಕೇಳಿದವರಲ್ಲಿ ತರುಣ ತುರ್ಗೆನೆವನೂ ಒಬ್ಬ. ಅಂದು ಮೂಡಿದ ಅವನ ಆರಾಧನೆ 1883ರಲ್ಲಿ ಅವನು ತೀರಿಕೊಳ್ಳುವವರೆಗೂ ಕುಂದಲಿಲ್ಲ.

ಇಷ್ಟೂ ಲೋಕಕ್ಕೆ ತಿಳಿದ ಸಂಗತಿ. ಗಾಯಕಿಯ ಬೆಳಕಿನಲ್ಲಿ ಮರೆಯಾಗಿ ನಿಂತವಳು ರಚನಕಾರ್ತಿ. ಆಕೆ ನೂರಕ್ಕೂ ಹೆಚ್ಚು ಗೀತಗಳಿಗೆ ಸ್ವರ ಸಂಯೋಜಿಸಿದ್ದಾಳೆ. ಮೊದಲ ಗೀತಸಂಪುಟವು 1843ರಲ್ಲಿಯೇ ಪ್ರಕಟವಾಗಿತ್ತು. ಶೊಪೇನನ ಪಿಯಾನೊ ಕೃತಿಗಳಾದ ‘ಮಜೂರ್ಕ’ಗಳನ್ನು ಕಂಠಕ್ಕೆ ಅಳವಡಿಸಿ, 1848ರಲ್ಲಿ ಲಂಡನ್ನಿನಲ್ಲಿ ಅವುಗಳನ್ನು ತಾನೇ ಹಾಡಿದಳು. 1864ರಲ್ಲಿ ಪುಷ್ಕಿನ್, ಫೆತ್ ಮತ್ತು ತುರ್ಗೆನೆವರ ಹನ್ನೆರಡು ಕವಿತೆಗಳಿಗೆ ಆಕೆ ಮಾಡಿದ ಸ್ವರರಚನೆ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು. ಆ ಮುದ್ರಣದ ಹೊಣೆಯನ್ನು ತುರ್ಗೆನೆವನೇ ಹೊತ್ತನು. ಇವಲ್ಲದೆ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಮತ್ತು ಇಟಾಲಿಯನ್ ಗೀತಗಳೂ ಉಂಟು. ಒಂದೇ ಮಟ್ಟಿಗೆ ಬೇರೆ ಬೇರೆ ಭಾಷೆಗಳ ಮಾತನ್ನು ಹೊಂದಿಸಿರುವ ನಿದರ್ಶನಗಳಿರುವುದರಿಂದ, ಯಾವುದು ಮೂಲ, ಯಾವುದು ಮರುಬಳಕೆ ಎಂಬುದನ್ನು ನಿರ್ಣಯಿಸಲು ಮುದ್ರಿತ ಪುಸ್ತಕಗಳಷ್ಟೇ ಸಾಲವು, ಹಸ್ತಪ್ರತಿಗಳ ಮೊರೆಹೋಗಲೇಬೇಕು.

1863ರಲ್ಲಿ ಆಕೆ ನಿಯತವಾದ ರಂಗಜೀವನದಿಂದ ನಿವೃತ್ತಳಾಗಿ ಬಾಡೆನ್-ಬಾಡೆನ್ ಪಟ್ಟಣದಲ್ಲಿ ನೆಲೆಸಿದಳು. ಅಲ್ಲಿಯ ಮನೆಯೇ ಒಂದು ಪುಟ್ಟ ನಾಟಕಶಾಲೆಯಾಯಿತು. ತುರ್ಗೆನೆವನು ಫ್ರೆಂಚ್ ಭಾಷೆಯಲ್ಲಿ ಮಾತನ್ನು ಬರೆದನು. ಪೌಲೀನ್ ಸ್ವರ ಹಾಕಿದಳು. ಆಕೆಯ ಮಕ್ಕಳೂ ಶಿಷ್ಯೆಯರೂ ವೇಷ ಕಟ್ಟಿದರು. 1867ರಲ್ಲಿ ಹೀಗೆ ಹುಟ್ಟಿದ ‘ಕಡೆಯ ಮಾಂತ್ರಿಕ’ ಎಂಬ ಕೃತಿಯು, ಮಂತ್ರಶಕ್ತಿಯನ್ನು ಕಳೆದುಕೊಂಡ ಮುದಿ ಮಾಂತ್ರಿಕನೊಬ್ಬನ ವಿನೋದಕಥೆ. ಪಿಯಾನೊ ಒಂದರ ನೆರವಿನಿಂದ ಮನೆಯಲ್ಲಿ ನಡೆದ ಈ ಆಟವನ್ನು ಕ್ಲಾರಾ ಶೂಮನ್‌ಳಂತಹ ವಿದುಷಿಯೂ ಮನಸಾರೆ ಮೆಚ್ಚಿದಳು. ಲಿಸ್ಟನ ಆಸಕ್ತಿಯ ಫಲವಾಗಿ, ಲಾಸ್ಸೆನ್ ಎಂಬವನು ವಾದ್ಯವೃಂದಕ್ಕೆ ಅಳವಡಿಸಿಕೊಟ್ಟ ರೂಪದಲ್ಲಿ ಅದು 1869ರಲ್ಲಿ ವೈಮಾರಿನ ರಾಜರಂಗವನ್ನೇರಿತು. 1870ರ ಯುದ್ಧವು ಬಾಡೆನ್-ಬಾಡೆನ್ನಿನ ಆ ಸಂಸಾರವನ್ನು ಚದುರಿಸಿತು.

ಇಷ್ಟು ಸಾಮರ್ಥ್ಯವಿದ್ದವಳು ರಚನಕಾರ್ತಿಯೆಂಬ ಹೆಸರಿಗೆ ಏಕೆ ಪಾತ್ರಳಾಗಲಿಲ್ಲ? ಆ ಕಾಲದಲ್ಲಿ ಸ್ತ್ರೀಯರ ಸ್ವರರಚನೆಯನ್ನು ದಿವಾನಖಾನೆಯ ವಿನೋದವೆಂದು ಎಣಿಸುತ್ತಿದ್ದುದು ಒಂದು ಕಾರಣ. ಆಕೆಯ ಸ್ವಭಾವ ಇನ್ನೊಂದು ಕಾರಣವಿರಬೇಕು. ತನ್ನ ಕೃತಿಗಳಿಗಿಂತ ಪೂರ್ವಸೂರಿಗಳ ಕೃತಿಗಳ ಮೇಲೆಯೇ ಆಕೆಗೆ ಹೆಚ್ಚು ಭಕ್ತಿ. ಇದಕ್ಕೆ ಪ್ರಬಲವಾದ ಸಾಕ್ಷ್ಯವೊಂದುಂಟು.

ಮೋತ್ಸಾರ್ಟನು 1787ರಲ್ಲಿ ರಚಿಸಿದ ‘ದೋನ್ ಜೊವಾನ್ನಿ’ಯ ಸ್ವಹಸ್ತಪ್ರತಿಯು 1855ರಲ್ಲಿ ಮಾರಾಟಕ್ಕೆ ಬಂದಿತ್ತು. ಪೌಲೀನ್ ತನ್ನ ಆಭರಣಗಳನ್ನು ಮಾರಿ ಅದನ್ನು ಕೊಂಡಳೆಂದು ಪ್ರತೀತಿ. ಈ ಕೃತಿಗೂ ಆಕೆಯ ಮನೆತನಕ್ಕೂ ಹಳೆಯ ನಂಟು: 1826ರಲ್ಲಿ ನ್ಯೂಯಾರ್ಕಿನಲ್ಲಿ ತಂದೆಯ ಮಂಡಲಿಯು ಅದನ್ನು ಆಡಿದಾಗ, ಅದರ ಸಾಹಿತ್ಯವನ್ನು ಬರೆದ ದಾ ಪೊಂತೆ ಆ ನಗರದಲ್ಲಿಯೇ ಇದ್ದನು. ಆಕೆ ಆ ಪ್ರತಿಗೆಂದೇ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ದೇವರ ಸಂಪುಟದಂತೆ ಕಾಪಾಡಿದಳು. ರೊಸ್ಸೀನಿಯು ಅದರ ಮುಂದೆ ಮಂಡಿಯೂರಿದನೆಂದು ಹೇಳುತ್ತಾರೆ. 1886ರಲ್ಲಿ ಚೈಕೋವ್‌ಸ್ಕಿಯು ಆ ಹಾಳೆಗಳನ್ನು ತಿರುವಿ ಪುಲಕಿತನಾದನು. 1892ರಲ್ಲಿ ಆಕೆ ಅದನ್ನು ಪ್ಯಾರಿಸಿನ ಸಂಗೀತ ವಿದ್ಯಾಲಯಕ್ಕೆ ದಾನವಾಗಿ ಕೊಟ್ಟಳು. ಈಗ ಅದು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಪರರ ಹಸ್ತಪ್ರತಿಗೆ ಪೆಟ್ಟಿಗೆ ಮಾಡಿಸಿದವಳ ಸ್ವಂತ ಪ್ರತಿಗಳಿಗೆ ಅಂತಹ ಭಾಗ್ಯವಿರಲಿಲ್ಲ. 1910ರ ಮೇ 18ರಂದು ಆಕೆ ತೀರಿಕೊಂಡ ಮೇಲೆ ಅವು ವಂಶಸ್ಥರ ಮನೆಗಳಲ್ಲಿಯೂ ಸಂಗ್ರಾಹಕರ ಕೈಗಳಲ್ಲಿಯೂ ಹಂಚಿಹೋದುವು. ದೊಡ್ಡದೊಂದು ಭಾಗವು ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿದೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಜರ್ಮನಿಯ ವಿದುಷಿ ಕ್ರಿಸ್ಟಿನ್ ಹೈಟ್‌ಮನ್ ಆಕೆಯ ಸಮಗ್ರ ಕೃತಿಸೂಚಿಯೊಂದನ್ನು ಸಿದ್ಧಪಡಿಸಿದ ಮೇಲೆಯೇ ಈ ಸಂಪತ್ತಿನ ವಿಸ್ತಾರವು ಸ್ಪಷ್ಟವಾಗಿ ಗೋಚರಿಸಿತು.

ಇಂತಹ ಪ್ರತಿಗಳನ್ನು ಓದುವವನು ರಾಗಸೌಂದರ್ಯವನ್ನಷ್ಟೇ ನೋಡಿದರೆ ಸಾಲದು. ತನಗಾಗಿ ಬರೆದುಕೊಂಡ ಗೀತದಲ್ಲಿ ಸ್ವರವು ಎಷ್ಟು ಕೆಳಗಿಳಿಯುತ್ತದೆ, ಎಷ್ಟು ಮೇಲೇರುತ್ತದೆ, ಉಸಿರಿಗೆ ಎಲ್ಲಿ ಎಡೆಯಿದೆ, ಅಲಂಕಾರವನ್ನು ಎಲ್ಲಿ ಬಿಡಿಸಿ ಬರೆದಿದೆ ಎಂಬುದನ್ನು ಗಮನಿಸಬೇಕು. ಕೆಳಸ್ಥಾಯಿಯ ಪಾತ್ರಗಳನ್ನೂ ಮೇಲುಸ್ಥಾಯಿಯ ಪಾತ್ರಗಳನ್ನೂ ಸಮನಾಗಿ ನಿರ್ವಹಿಸಿದ ಕಂಠದ ವ್ಯಾಪ್ತಿಯನ್ನು ಊಹಿಸಲು ವಿಮರ್ಶಕರ ವಿಶೇಷಣಗಳಿಗಿಂತ ಈ ಗುರುತುಗಳೇ ಹೆಚ್ಚು ನೆಚ್ಚತಕ್ಕವು. ‘ಆರ್ಫಿಯಸ್’ನ ಪ್ರಸಿದ್ಧ ಆಲಾಪಭಾಗವನ್ನು ಹೆಣೆಯುವುದರಲ್ಲಿ ಬೆರ್ಲಿಯೋಜ್ ಮತ್ತು ಸ್ಯಾನ್-ಸಾನ್ಸರೊಡನೆ ಆಕೆಯ ಕೈಯೂ ಇದ್ದಿತೆಂಬುದನ್ನು ನೆನೆದರೆ, ಹಾಡುವವಳು, ಬರೆಯುವವಳು ಎಂಬ ಭೇದವೇ ಆಕೆಯಲ್ಲಿ ತೆಳುವಾಗಿತ್ತೆಂದು ತೋರುತ್ತದೆ.

ಮಾತು ಮತ್ತು ಧಾತು ಎರಡನ್ನೂ ತಾನೇ ರಚಿಸುವವನನ್ನು ನಮ್ಮ ಶಾಸ್ತ್ರಕಾರರು ವಾಗ್ಗೇಯಕಾರನೆಂದು ಕರೆದಿದ್ದಾರೆ. ಪೌಲೀನಳ ಗೀತಗಳಲ್ಲಿ ಮಾತು ಬಹುತೇಕ ಪರರದು. ಆದರೆ 1904ರಲ್ಲಿ, ಎಂಬತ್ತೆರಡು ವರ್ಷ ತುಂಬಿದ್ದಾಗ, ಸಿಂಡ್ರೆಲಾಳ ಕಥೆಯನ್ನು ಆಧರಿಸಿದ ಪುಟ್ಟ ಗೀತನಾಟಕವೊಂದನ್ನು ಆಕೆ ಹೊರತಂದಳು. ಅದರ ಮಾತೂ ಆಕೆಯದೇ, ಸ್ವರವೂ ಆಕೆಯದೇ. ಬದುಕಿನ ಕೊನೆಯ ಮಜಲಿನಲ್ಲಿ ಆ ಬಿರುದಿಗೆ ಪೂರ್ಣವಾಗಿ ಅರ್ಹಳಾದಳೆನ್ನಬಹುದು. ಬಾಡೆನ್-ಬಾಡೆನ್ನಿನ ‘ಕಡೆಯ ಮಾಂತ್ರಿಕ’ನು ಒಂದೂವರೆ ಶತಮಾನದ ಮೌನದ ಬಳಿಕ 2019ರಲ್ಲಿ ಧ್ವನಿಮುದ್ರಿತನಾಗಿ ಹೊರಬಂದನು. ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದೂ ಒಂದು ರಕ್ಷಣೆಯೇ ಸರಿ. ಆದರೆ ಅದನ್ನು ಬಿಚ್ಚಿ ಓದಿ ಹಾಡಿದಾಗಲೇ ಬರೆದವಳ ಶ್ರಮ ಸಾರ್ಥಕವಾಗುತ್ತದೆ.